ಶಾಲೆ ಮಾಡು ಸೋರ್ತಾ ಇದೆ, ಕಟ್ಟಡದ ದುಡ್ಡು ಯಾವ ದಾರಿಯಿಂದ ಬರೂದು?

ಹೊಳೆಬದಿಯವಳು:

ಎಲ್ರಿಗೂ ನಮಸ್ಕಾರ. ನಮ್ಮದು ಗಂಗಾವಳಿ ಹೊಳೆ ಬದಿಯ ಒಂದು ಸಣ್ಣ ಊರು. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಏಳು, ಒಟ್ಟು 34 ಮಕ್ಕಳು, ಮೂರು ಜನ ಶಿಕ್ಷಕರು. ಹೋದ ತಿಂಗಳು ನನ್ನನ್ನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಅಧ್ಯಕ್ಷೆ ಮಾಡಿದ್ರು, ಬೇರೆ ಯಾರೂ ಮುಂದೆ ಬರ್ಲಿಲ್ಲ ಹೇಳಿ ಒಪ್ಕೊಂಡೆ, ಒಪ್ಕೊಂಡ ಮೇಲೆ ರಾತ್ರಿ ನಿದ್ದೆ ಬರ್ತಾ ಇಲ್ಲ.

ವಿಷಯ ಏನಂದ್ರೆ ನಲಿ-ಕಲಿ ಮಕ್ಕಳು, ಅಂದ್ರೆ ಒಂದರಿಂದ ಮೂರನೇ ಕ್ಲಾಸಿನವರು, ಕೂರುವ ಕೋಣೆ ಹಳೇ ಹಂಚಿನ ಮಾಡಿಂದು, ಚಿರೇಕಲ್ಲಿನ ಗೋಡೆ. ಮೊನ್ನೆ ಬೆಂಚಿನ ಮೇಲೆ ಹತ್ತಿ ಒಂದು ಪಕಾಸನ್ನ (ಹಂಚು ಹೊರುವ ಮರದ ಪಟ್ಟಿ) ಬೆರಳಿಂದ ಒತ್ತಿ ನೋಡ್ದೆ, ಬೆರಳು ಸೀದಾ ಒಳಗೆ ಹೋಯ್ತು, ಒಳಗೆ ಪೂರಾ ಒರಲೆ ಮಣ್ಣು. ಮಳೆ ಜೋರಾದಾಗ ಅಕ್ಕೋರು ಮೂರು ಕಡೆ ಬಕೆಟ್ ಇಟ್ಟು ಪಾಠ ಮಾಡ್ತಾರೆ, ಗೋಡೆ ಮೇಲಿನ ಚಾರ್ಟ್ ಎಲ್ಲ ಒದ್ದೆಯಾಗಿ ಬಣ್ಣ ಇಳಿದು ಹೋಗಿದೆ. 2019ರ ಆಗಸ್ಟ್ ನೆರೆಯಲ್ಲಿ ಹೊಳೆ ನೀರು ಒಳಗೆ ಬಂದಿತ್ತಲ್ಲ, ಆ ಕಲೆ ಈಗ್ಲೂ ಗೋಡೆ ಮೇಲೆ ಇದೆ, ಒಂದನೇ ಕ್ಲಾಸಿನ ಮಕ್ಕಳ ಎದೆ ಮಟ್ಟಕ್ಕೆ. ಪಕ್ಕದ ಗೋಡೆ ಮೂಲೆಯಲ್ಲಿ ಬಿರುಕು ಬಿಟ್ಟಿದೆ, ಅದು ಈ ವರ್ಷ ದೊಡ್ಡದಾಗಿದೆ ಅಂತ ಅಕ್ಕೋರು ಹೇಳ್ತಾರೆ.

ಯಾರನ್ನ ಕೇಳಿದ್ರೂ ಒಂದೊಂದು ಹೇಳ್ತಾರೆ. ಒಬ್ರು ಶಾಸಕರ ನಿಧಿ ಅಂದ್ರು, ಒಬ್ರು ಪಂಚಾಯ್ತಿಯಿಂದ ಆಗ್ತದೆ ಅಂದ್ರು, ಇನ್ನೊಬ್ರು ಸಮಗ್ರ ಶಿಕ್ಷಣ ಅಂದ್ರು, ಕಂಪನಿಯವರನ್ನ ಹಿಡೀರಿ ಅಂತ ಮತ್ತೊಬ್ರು. ಒಂದು ಆಫೀಸಲ್ಲಿ "ನಿಮ್ಮ ಶಾಲೆ ಹೆಸರು ಪಟ್ಟಿಯಲ್ಲಿ ಕಳಿಸಿದ್ದೇವೆ" ಅಂತಾರೆ, ಪಟ್ಟಿ ಹೋದ ಆಫೀಸಲ್ಲಿ "ಆ ಹೆಸರೇ ಬಂದಿಲ್ಲ" ಅಂತಾರೆ. ನಮ್ಮ ಜಂಟಿ ಖಾತೆಯಲ್ಲಿ ವರ್ಷದ ಅನುದಾನ ಬಿಟ್ರೆ ಏನೂ ಇಲ್ಲ. ಊರವರು ದುಡ್ಡು ಕೂಡಿಸಿ ನಾವೇ ಮಾಡ್ಸುವ ಅಂತಾರೆ, ರಿಪೇರಿ ಮಾಡ್ಸಿದ್ರೆ ಹೊಸ ಕೋಣೆ ಸಿಗೂದೇ ಇಲ್ಲ ಅಂತ ಹೆದರಿಸುವವರೂ ಇದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ, ನಾನು ಎಲ್ಲಿಂದ ಶುರು ಮಾಡ್ಬೇಕು?

ಹಳೇ ಮಾಸ್ತರ್, ಶಿರಸಿ:

ತಂಗಿ, ಮೊದಲು ಒಂದು ಮಾತು, ಆ ಕೋಣೆಯಲ್ಲಿ ನಾಳೆಯಿಂದ ಮಕ್ಕಳನ್ನ ಕೂರಿಸಬೇಡಿ. ದುಡ್ಡಿನ ಮಾತು ಆಮೇಲೆ. ಜಗಲಿ ಇದ್ರೆ ಜಗಲಿ, ಇಲ್ಲಾಂದ್ರೆ ಎರಡು ಕ್ಲಾಸು ಒಟ್ಟಿಗೆ ಮಾಡಿ. ಕೂರಿಸ್ತಾ ಇಲ್ಲ, ಕೋಣೆ ಅಪಾಯದಲ್ಲಿದೆ ಅಂತ ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಬರೆದು ಹೆಡ್ ಮಾಸ್ತರ್ರಿಂದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಳಿಸಿ, ಸ್ವೀಕೃತಿ ತಗೊಳ್ಳಿ. ನಾನು 31 ವರ್ಷ ಮಾಸ್ತರಿಕೆ ಮಾಡಿದವ, ಬಾಯಲ್ಲಿ ಹೇಳಿದ್ದು ಯಾವ ಕಡತಕ್ಕೂ ಹೋಗುವುದಿಲ್ಲ.

ಈಗ ದುಡ್ಡಿನ ವಿಷಯ. ಮೊದಲೆಲ್ಲ ಸುಲಭ ಇತ್ತು, ಅಂದ್ರೆ ದಾರಿ ಒಂದೇ ಇತ್ತು. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಕೋಣೆ ಮಂಜೂರಾದ್ರೆ ಹಣ ಎಸ್‌ಡಿಎಂಸಿ ಖಾತೆಗೇ ಬರ್ತಿತ್ತು, ಗುತ್ತಿಗೆದಾರರಿಲ್ಲದೆ ಪಾಲಕರೇ ನಿಂತು ಕಟ್ಟಿಸ್ತಿದ್ವಿ. ನನ್ನ ಶಾಲೆಯಲ್ಲಿ ಹಾಗೇ ಎರಡು ಕೋಣೆ ಆಯ್ತು, ಚಿರೇಕಲ್ಲು ಇಳಿಸುವ ದಿನ ಊರಿನವರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದ್ದು ಇನ್ನೂ ಕಣ್ಣ ಮುಂದೆ ಇದೆ. ಆ ಅಭಿಯಾನಕ್ಕೆ ದುಡ್ಡು ಹೆಚ್ಚಿಸೋದಕ್ಕೆ ಅಂತಲೇ 2004ರಲ್ಲಿ ಕೇಂದ್ರದವರು ತೆರಿಗೆ ಮೇಲೆ ಶೇ. 2 ಶಿಕ್ಷಣ ಸೆಸ್ ಹಾಕಿದ್ರು, ಈಗ ಆರೋಗ್ಯ-ಶಿಕ್ಷಣ ಸೇರಿ ಶೇ. 4 ಆಗಿದೆ. ಹಾಗಾಗಿ ಶಾಲೆಗೆ ದುಡ್ಡು ಕೇಳೂದು ಭಿಕ್ಷೆ ಅಲ್ಲ, ಆ ಧೈರ್ಯ ಇಟ್ಕೊಂಡು ಹೋಗಿ.

2018ರಿಂದ ಅದು ಸಮಗ್ರ ಶಿಕ್ಷಣ ಆಯ್ತು, ನಮ್ಮ ರಾಜ್ಯಕ್ಕೆ ಕೇಂದ್ರದ ಪಾಲು 60, ರಾಜ್ಯದ ಪಾಲು 40. ನಿಮ್ಮ ಖಾತೆಗೆ ಬರುವ ವರ್ಷದ ಶಾಲಾ ಅನುದಾನ ಇದರದ್ದೇ. ಅದು ಮಕ್ಕಳ ಸಂಖ್ಯೆ ಮೇಲೆ, 30ರವರೆಗೆ 10 ಸಾವಿರ, 31ರಿಂದ 100ರವರೆಗೆ 25 ಸಾವಿರ, ಹಾಗೇ ಮೇಲೆ ಹೋಗ್ತದೆ. ನಿಮ್ಮಲ್ಲಿ 34 ಮಕ್ಕಳು, ಏಳನೇದವರು ಆರು ಜನ ಹೊರಟು ಒಂದನೇದಕ್ಕೆ ಇಬ್ಬರೇ ಬಂದ್ರೆ 25 ಇದ್ದದ್ದು 10ಕ್ಕೆ ಇಳೀತದೆ. ಅದೂ ಚಾಕ್ ಪೀಸು, ಸ್ವಚ್ಛತೆ, ಸಣ್ಣ ಪುಟ್ಟ ದುರಸ್ತಿಗೆ ಇರುವ ಹಣ, ಮಾಡಿಗೆ ಸಾಲೂದಿಲ್ಲ.

ಕೋಣೆ ಬೇಕಾದ್ರೆ ಯುಡೈಸ್ ನೋಡಿ. ಪ್ರತಿ ವರ್ಷ ಶಾಲೆಯಿಂದ ತುಂಬುವ ಮಾಹಿತಿ ಅದು, ಅದ್ರಲ್ಲಿ ಕೋಣೆಗಳು ಎಷ್ಟು ಸುಸ್ಥಿತಿಯಲ್ಲಿವೆ, ಎಷ್ಟಕ್ಕೆ ಸಣ್ಣ ದುರಸ್ತಿ, ಎಷ್ಟಕ್ಕೆ ದೊಡ್ಡ ದುರಸ್ತಿ ಅಂತ ಬೇರೆ ಬೇರೆ ಕಾಲಂ ಇದೆ. ಮುಂದಿನ ವರ್ಷದ ಯೋಜನೆ ಮಾಡುವವರು ನೋಡೂದು ಇದನ್ನೇ, ನಿಮ್ಮ ಅರ್ಜಿಯನ್ನಲ್ಲ. ಹೆಡ್ ಮಾಸ್ತರ್ರನ್ನ ಕೂರಿಸಿ ನಿಮ್ಮ ಶಾಲೆಯದು ಏನಂತ ತುಂಬಿದ್ದಾರೆ ನೋಡಿ. ಎಷ್ಟೋ ಕಡೆ ಹೋದ ವರ್ಷದ್ದನ್ನೇ ಹಾಗೇ ಬಿಟ್ಟಿರ್ತಾರೆ.

ಕಾರವಾರ ಜೆಇ:

ಮಾಸ್ತರ್ರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಇದೇ ಕೆಲಸದಲ್ಲಿ ಇರುವ ಜೂನಿಯರ್ ಇಂಜಿನಿಯರ್, ಹಾಗಾಗಿ ಇಲಾಖೆ ಹೆಸರು ಹೇಳೂದಿಲ್ಲ, ಆದ್ರೆ ದುಡ್ಡು ಹೇಗೆ ಹರಿದು ಬರ್ತದೆ ಅಂತ ಹೇಳ್ತೆ.

ಅಕ್ಕಾ, ನೀವು "ಶಾಲೆಗೆ ದುಡ್ಡು" ಅಂತ ಕೇಳ್ತಾ ಇದ್ದೀರಿ, ಅದಕ್ಕೇ ನಿಮಗೆ ಒಬ್ಬೊಬ್ರು ಒಂದೊಂದು ಹೇಳೂದು. ಸರ್ಕಾರದ ಲೆಕ್ಕದಲ್ಲಿ ಹಾಗೆ ಒಂದು ದುಡ್ಡು ಇಲ್ಲ. ಹೊಸ ಕಟ್ಟಡ ಅಂದ್ರೆ ಬಂಡವಾಳ ವೆಚ್ಚ, ಅದು 4202 ಲೆಕ್ಕ ಶೀರ್ಷಿಕೆ, ದಿನದ ಖರ್ಚು ಸಂಬಳ ಎಲ್ಲ 2202. ಹೊಸ ಕೋಣೆಗೆ ಬಂದ ದುಡ್ಡಲ್ಲಿ ಹಂಚು ಹೊದೆಸಿದ್ರೆ ಆಡಿಟ್‌ನಲ್ಲಿ ಸಿಕ್ಕಿ ಬೀಳ್ತಾರೆ. ಅದಕ್ಕೆ ನಿಮ್ಮ ಕೆಲಸ ಯಾವುದು ಅಂತ ಮೊದಲು ತೀರ್ಮಾನ ಆಗ್ಬೇಕು.

ನಿಮಗೆ ಮೂರು ಸಾಧ್ಯತೆ ಇದೆ. ಮಳೆ ಗಾಳಿಗೆ ಹಾನಿ ಆಗಿದ್ರೆ ವಿಪತ್ತು ಪರಿಹಾರ ನಿಧಿ, ಎಸ್‌ಡಿಆರ್‌ಎಫ್, ಅದ್ರಲ್ಲಿ ಪ್ರಾಥಮಿಕ ಶಾಲೆ ದುರಸ್ತಿಗೆ 2 ಲಕ್ಷದವರೆಗೆ ಅವಕಾಶ ಇದೆ. ಆದ್ರೆ ಅದು ಆ ಮಳೆಯಲ್ಲಿ ಆದ ಹಾನಿಗೆ ಮಾತ್ರ, ಹಳೇದಾಗಿ ಒರಲೆ ತಿಂದದ್ದಕ್ಕಲ್ಲ. ಹಂಚು ಹಾರಿದ ದಿನವೇ, ಗೋಡೆ ಕುಸಿದ ದಿನವೇ ಫೋಟೋ ತೆಗೀಬೇಕು, ಗ್ರಾಮ ಆಡಳಿತಾಧಿಕಾರಿಗೆ ಅವತ್ತೇ ಹೇಳಿ ಪಂಚನಾಮೆ ಮಾಡಿಸ್ಬೇಕು. ನಮ್ಮ ಬದಿ ಜೂನ್ ಜುಲೈಯಲ್ಲಿ ಬಿದ್ದದ್ದನ್ನ ಸೆಪ್ಟೆಂಬರಲ್ಲಿ ಹೇಳ್ಲಿಕ್ಕೆ ಬರ್ತಾರೆ, ಆಗ ನಾನು ಏನು ಬರೀಲಿ ಹೇಳಿ.

ಎರಡನೇದು ದೊಡ್ಡ ದುರಸ್ತಿ. ಮೂರನೇದು ಶಿಥಿಲ ಅಂತ ಘೋಷಣೆ ಮಾಡಿ, ಕೆಡವಲಿಕ್ಕೆ ಅನುಮತಿ ತಗೊಂಡು ಹೊಸ ಕೋಣೆ ಕೇಳೂದು. ಪಕಾಸಿಗೆ ಬೆರಳು ಹೋಗ್ತದೆ, ಗೋಡೆ ಮೂಲೆ ಬಿಟ್ಟಿದೆ ಅಂದ್ರೆ ನನ್ನ ಅಂದಾಜಲ್ಲಿ ನಿಮ್ಮದು ಮೂರನೇದು, ನೋಡದೆ ಹೇಳೂದು ತಪ್ಪು, ಆದ್ರೂ ಹೇಳ್ತಾ ಇದ್ದೇನೆ. ಚಿರೇಕಲ್ಲಿನ ಗೋಡೆ ಮೂಲೆಯಲ್ಲಿ ಮೇಲಿಂದ ಕೆಳಗೆ ಬಿರುಕು ಬಂದ್ರೆ ಅಡಿಪಾಯ ಕೂತಿದೆ ಅಂತ ಅನುಮಾನ ಪಡಬೇಕು, ನೆರೆ ನೀರು ನಿಂತ ಜಾಗ ಬೇರೆ. ಅಂಥ ಗೋಡೆ ಮೇಲೆ ಹೊಸ ಮಾಡು ಹಾಕೂದು ಇದ್ದ ದುಡ್ಡನ್ನ ಹೊಳೆಗೆ ಹಾಕಿದ ಹಾಗೆ. ಇಂಜಿನಿಯರ್ ವರದಿ ಬರೆಸಿ, ಜೊತೆಗೆ ಎಸ್ಟಿಮೇಟ್ ಮಾಡಿಸಿ. ಎಸ್ಟಿಮೇಟ್ ಕೈಯಲ್ಲಿ ಇದ್ದ ಶಾಲೆಗೆ ದುಡ್ಡು ಹುಡುಕೂದು ಸುಲಭ, ಮಾರ್ಚ್ ತಿಂಗಳಲ್ಲಿ ಎಲ್ಲೋ ಹಣ ಉಳಿದ್ರೆ ಮೊದಲು ಕೇಳೂದೇ "ಯಾವುದಾದ್ರೂ ಎಸ್ಟಿಮೇಟ್ ರೆಡಿ ಉಂಟಾ" ಅಂತ.

ಹೊಸ ಕೋಣೆ ದುಡ್ಡು ಎಲ್ಲೆಲ್ಲಿಂದ ಬರ್ತದೆ ಅಂದ್ರೆ ರಾಜ್ಯ ಬಜೆಟ್ (2022ರಲ್ಲಿ ವಿವೇಕ ಅಂತ ಯೋಜನೆಯಲ್ಲಿ ಸಾವಿರಾರು ಕೋಣೆ ಮಂಜೂರಾಗಿದ್ದು ಹೀಗೇ), ಸಮಗ್ರ ಶಿಕ್ಷಣ, ಮತ್ತೆ ನಬಾರ್ಡ್ ಅಂದ್ರೆ ಕೃಷಿ, ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು. ನಬಾರ್ಡಿಂದು ಜನ ಅನುದಾನ ಅಂತ ತಿಳ್ಕೊಂಡಿದ್ದಾರೆ, ಅದು ಸಾಲ. 1995-96ರಿಂದ ಇರುವ ಗ್ರಾಮೀಣ ಮೂಲಸೌಕರ್ಯ ನಿಧಿಯಿಂದ ರಾಜ್ಯ ಸರ್ಕಾರ ತಗೊಳ್ಳೂದು, ಅಸಲಿನ ಕಂತಿಲ್ಲದ ಮೊದಲ ಎರಡು ವರ್ಷ ಸೇರಿ ಏಳು ವರ್ಷದಲ್ಲಿ ತೀರಿಸೂದು. ರಸ್ತೆ, ಸೇತುವೆ, ಶಾಲೆ ಎಲ್ಲ ಒಂದೇ ಕಟ್ಟು, ಯಾವ ಊರು ಅಂತ ಪಟ್ಟಿ ಮೇಲೆಯೇ ಆಗೂದು, ನೀವು ನೇರ ಬ್ಯಾಂಕಿಗೆ ಹೋಗಿ ಕೇಳ್ಲಿಕ್ಕೆ ಬರೂದಿಲ್ಲ.

ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. 5 ಕೋಟಿ ಕೇಳ್ಲಿಕ್ಕೆ ದೊಡ್ಡದು. ನಮ್ಮ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ ಖಾನಾಪುರ ಕಿತ್ತೂರು ಸೇರಿ ಎಂಟು ವಿಧಾನಸಭಾ ಕ್ಷೇತ್ರ, ಹಂಚಿದ್ರೆ ಒಂದಕ್ಕೆ 62 ಲಕ್ಷದ ಹತ್ರ, ಅದ್ರಲ್ಲೇ ರಸ್ತೆ, ಕಾಲುಸಂಕ, ಸಮುದಾಯ ಭವನ, ಶಾಲೆ. ಆದ್ರೂ ಒಂದು ಕೋಣೆಗೆ ಕೇಳೂದು ತಪ್ಪಲ್ಲ, ಕೇಳಿ.

ಇನ್ನೊಂದು, 10 ಲಕ್ಷ ಮಂಜೂರಾದ್ರೆ 10 ಲಕ್ಷದ ಕೋಣೆ ಬರ್ತದೆ ಅಂತ ಊರಲ್ಲಿ ಹೇಳ್ಬೇಡಿ. ಜಿಎಸ್‌ಟಿ ಶೇ. 18 ಅದರೊಳಗೇ ಸೇರಿದ್ರೆ ಸುಮಾರು ಒಂದೂವರೆ ಲಕ್ಷ ಅಲ್ಲೇ ಹೋಯ್ತು, ಕಾರ್ಮಿಕ ಕಲ್ಯಾಣ ಸೆಸ್ ಶೇ. 1 ಬೇರೆ. ಲಾರಿ ಹೋಗದ ಕೊಪ್ಪಗಳಿಗೆ ಮರಳು ಸಿಮೆಂಟು ಹೊತ್ತು ಸಾಗಿಸುವ ಖರ್ಚು ಮತ್ತೂ ಬೇರೆ. ಗುತ್ತಿಗೆದಾರರು ನಮ್ಮ ಘಟ್ಟದ ಕೆಳಗಿನ ಒಳ ಊರಿನ ಸಣ್ಣ ಟೆಂಡರ್ ಹಾಕ್ಲಿಕ್ಕೆ ಹಿಂದೆ ಸರಿಯೂದು ಇದಕ್ಕೇ.

ಹೊಳೆಬದಿಯವಳು:

ಇಬ್ಬರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಮಕ್ಕಳನ್ನ ನಾಲ್ಕು-ಐದನೇ ಕ್ಲಾಸಿನ ಕೋಣೆಗೆ ಕಳಿಸಿದ್ವಿ, ಬಾಗಿಲಿಗೆ ಬೀಗ ಹಾಕಿದ್ವಿ. ಯುಡೈಸ್ ತೆಗೆದು ನೋಡಿದ್ರೆ ಮಾಸ್ತರ್ರು ಹೇಳಿದ ಹಾಗೇ, ಆ ಕೋಣೆಗೆ "ಸಣ್ಣ ದುರಸ್ತಿ" ಅಂತ ಇದೆ!! ಹೆಡ್ ಅಕ್ಕೋರು ಪಾಪ ಹೋದ ವರ್ಷವಷ್ಟೇ ಇಲ್ಲಿಗೆ ವರ್ಗ ಆಗಿ ಬಂದವರು, ಮುಂಚಿನದ್ದನ್ನೇ ಮುಂದುವರಿಸಿದ್ದಾರೆ.

ಈಗ ಇನ್ನೊಂದು ತೊಂದ್ರೆ ಎದುರಾಗಿದೆ. ಜಾಗದ ಕಾಗದ ಕೇಳಿದ್ರು. ಶಾಲೆ ಮುಂದಿನ ಭಾಗ ಊರಿನ ಒಂದು ಮನೆಯವರು ನಮ್ಮ ಅಜ್ಜನ ಕಾಲದಲ್ಲಿ ಬಾಯಿ ಮಾತಲ್ಲಿ ಕೊಟ್ಟದ್ದು, ಹಿಂದಿನ ಅಂಗಳ, ಶೌಚಾಲಯ ಇರುವುದು ಅರಣ್ಯ ಇಲಾಖೆ ಜಾಗ ಅಂತೆ. ಪಹಣಿಯಲ್ಲಿ ಶಾಲೆ ಹೆಸರೇ ಇಲ್ಲ. ಇದು ಇಲ್ಲದೆ ಹೊಸ ಕೋಣೆ ಆಗೂದೇ ಇಲ್ವಾ?

ಪಂಚಾಯ್ತಿ ಮೆಂಬರ್, ಹೊನ್ನಾವರ ಬದಿ:

ಅಕ್ಕಾ ಇದು ನಿಮ್ಮೊಬ್ಬರ ಶಾಲೆ ಕಥೆ ಅಲ್ಲ, ನಮ್ಮ ಜಿಲ್ಲೆಯಲ್ಲಿ ಶೇ. 80ರ ಹತ್ರ ಕಾಡೇ ಇರುವಾಗ ಶಾಲೆ, ಅಂಗನವಾಡಿ, ದೇವಸ್ಥಾನ ಎಲ್ಲ ಯಾವುದೋ ಒಂದು ಮೂಲೆಯಲ್ಲಿ ಅರಣ್ಯಕ್ಕೆ ತಾಗ್ತದೆ, ನಮ್ಮ ವಾರ್ಡಿನ ಶಾಲೆಗೂ ಹಾಗೇ ಆಗಿತ್ತು, ಮಂಜೂರಾದ ಕೋಣೆ ಜಾಗದ ಕಾಗದ ಇಲ್ಲ ಅಂತ ಬೇರೆ ಊರಿಗೆ ಹೋಯ್ತು, ಅವತ್ತು ನಾನು ಎಷ್ಟು ಅತ್ತಿದ್ದೆ ಅಂತ ನನಗೇ ಗೊತ್ತು.

ದಾರಿ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಅಂದ್ರೆ ಎಲ್ರೂ ಅತಿಕ್ರಮಣದಾರರ ಪಟ್ಟಾ ಒಂದೇ ನೆನಪು ಮಾಡ್ತಾರೆ, ಅದೇ ಕಾಯ್ದೆ ಕಲಂ 3(2)ರಲ್ಲಿ ಶಾಲೆ, ಆಸ್ಪತ್ರೆ, ಅಂಗನವಾಡಿ, ರಸ್ತೆ ಸೇರಿ 13 ಸಾರ್ವಜನಿಕ ಸೌಲಭ್ಯಕ್ಕೆ ಅರಣ್ಯ ಜಾಗ ಕೊಡ್ಲಿಕ್ಕೆ ಬರ್ತದೆ. ಒಂದು ಹೆಕ್ಟೇರಿಗಿಂತ ಕಡಿಮೆ ಇರ್ಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡೀಬಾರ್ದು, ಗ್ರಾಮಸಭೆ ಶಿಫಾರಸು ಮಾಡ್ಬೇಕು. ಅಷ್ಟಿದ್ರೆ ಡಿಎಫ್‌ಒ (ವಿಭಾಗದ ಅರಣ್ಯಾಧಿಕಾರಿ) ಹಂತದಲ್ಲೇ ಆಗ್ತದೆ. ನಮ್ಮ ಶಾಲೆಗೆ ಎರಡನೇ ಸಲ ಹೀಗೇ ಮಾಡಿದ್ವಿ. ಗ್ರಾಮಸಭೆ ನಡಾವಳಿಯಲ್ಲಿ ಸರ್ವೆ ನಂಬರ್, ಎಷ್ಟು ಗುಂಟೆ, ಎಷ್ಟು ಮರ ಅಂತ ಸ್ಪಷ್ಟ ಬರೆಸಿ, ಸುಮ್ಮನೆ "ಶಾಲೆಗೆ ಜಾಗ ಬೇಕು" ಅಂತ ಬರೆದ್ರೆ ವಾಪಸ್ ಬರ್ತದೆ.

ಮುಂದಿನ ಭಾಗಕ್ಕೆ ಆ ಮನೆಯವರ ಹತ್ರ ಹೋಗಿ. ಕೊಟ್ಟವರು ಈಗ ಇಲ್ಲ, ಮಕ್ಕಳು ಮೊಮ್ಮಕ್ಕಳು ಹುಬ್ಬಳ್ಳಿ ಬೆಂಗಳೂರಲ್ಲಿ ಇರ್ತಾರೆ, ಎಲ್ರ ಸಹಿ ಬೇಕು, ತಡ ಮಾಡಿದಷ್ಟೂ ಸಹಿ ಜಾಸ್ತಿ ಆಗ್ತಾ ಹೋಗ್ತದೆ. ದಾನಪತ್ರ ನೋಂದಣಿ ಮಾಡಿಸಿ ಬಿಡಿ. ನಾವು ಹಾಗೆ ಕೇಳ್ಲಿಕ್ಕೆ ಹೋದಾಗ ಒಬ್ಬರು ಅಜ್ಜಿ, ತೊಂಬತ್ತರ ಹತ್ರ ವಯಸ್ಸು, "ನನ್ನ ಗಂಡ ಕೊಟ್ಟದ್ದು ನಾನು ಇಲ್ಲ ಅಂತ್ನಾ" ಅಂತ ಹೇಳಿ ಕೋಲು ಹಿಡ್ಕೊಂಡು ನೋಂದಣಿ ಕಚೇರಿ ಮೆಟ್ಟಿಲು ಹತ್ತಿ ಬಂದ್ರು.

ಪಂಚಾಯ್ತಿಯಿಂದ ಕೋಣೆ ಆಗೂದಿಲ್ಲ, ಅದನ್ನ ನೇರ ಹೇಳ್ತೆ, ಆದ್ರೆ ಸುತ್ತ ಮುತ್ತಲಿನದ್ದು ಆಗ್ತದೆ. 15ನೇ ಹಣಕಾಸು ಆಯೋಗದ ದುಡ್ಡಲ್ಲಿ ಶೇ. 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲು ಇತ್ತು, ಅದ್ರಲ್ಲಿ ನಾವು ಶಾಲೆಗೆ ನೀರಿನ ಟಾಕಿ ಮಾಡಿದ್ವಿ. ಕಾಂಪೌಂಡ್, ಅಡುಗೆ ಕೋಣೆ, ಹೆಣ್ಮಕ್ಕಳ ಶೌಚಾಲಯ ನರೇಗಾದಲ್ಲಿ (ಉದ್ಯೋಗ ಖಾತ್ರಿ) ಮಾಡಿದ್ವಿ, ಕೂಲಿ 60 ಸಾಮಗ್ರಿ 40 ಅಂತ ಲೆಕ್ಕ ಹೊಂದಿಸೂದೇ ದೊಡ್ಡ ಕೆಲಸ ಆಗಿತ್ತು, ಯಾಕಂದ್ರೆ ಕಟ್ಟಡದಲ್ಲಿ ಸಾಮಗ್ರಿನೇ ಹೆಚ್ಚು. ಇದೆಲ್ಲ ವರ್ಷದ ಕ್ರಿಯಾ ಯೋಜನೆಯಲ್ಲಿ ಸೇರ್ಬೇಕು, ಸೇರ್ಬೇಕಾದ್ರೆ ಗ್ರಾಮಸಭೆಗೆ ಪಾಲಕರು ಬರ್ಬೇಕು. ನಮ್ಮಲ್ಲಿ ಗ್ರಾಮಸಭೆಗೆ ರಸ್ತೆ ಕೇಳುವವರು ಐವತ್ತು ಜನ ಬರ್ತಾರೆ, ಶಾಲೆ ಬಗ್ಗೆ ಮಾತಾಡುವವರು ಒಬ್ರೂ ಇರೂದಿಲ್ಲ. ನೀವು ತಾಯಂದಿರನ್ನೆಲ್ಲ ಕರ್ಕೊಂಡು ಹೋಗಿ ಮುಂದೆ ಕೂರಿ.

ಊರು ಕುಮಟಾ, ಇರೋದು ಬೆಂಗ್ಳೂರು:

ನಾನು ಸ್ವಲ್ಪ ಬೇರೆ ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. ಇಷ್ಟು ಕಾಗದ ಓಡಾಡಿಸೋ ಹೊತ್ತಿಗೆ ಈಗಿನ ಮಕ್ಕಳು ಏಳನೇ ಕ್ಲಾಸ್ ಮುಗಿಸಿರ್ತಾರೆ. ನಮ್ಮೂರ ಶಾಲೆಗೆ ಹಳೇ ವಿದ್ಯಾರ್ಥಿಗಳು ವಾಟ್ಸಾಪ್ ಗ್ರೂಪ್ ಮಾಡಿ ಮೂರು ತಿಂಗಳಲ್ಲಿ ನಾಲ್ಕು ಲಕ್ಷದ ಚಿಲ್ಲರೆ ಕೂಡಿಸಿದ್ವಿ, ಮಾಡಿಗೆ ಕಬ್ಬಿಣದ ಪೈಪು ಹಾಕಿ ಶೀಟ್ ಹೊದೆಸಿದ್ವಿ, ಮೇ ರಜೆಯಲ್ಲಿ ಶುರು ಮಾಡಿ ಶಾಲೆ ಶುರುವಾಗೋ ಮೊದಲು ಮುಗೀತು. ಸಾವಿರ ರೂಪಾಯಿ ಕಳಿಸಿದ ಮೀನು ಮಾರೋ ಅಮ್ಮನೂ ಇದ್ರು, ದುಬೈಯಿಂದ ಐವತ್ತು ಸಾವಿರ ಕಳಿಸಿದವನೂ ಇದ್ದ.

ಕಂಪನಿ ಸಿಎಸ್‌ಆರ್, ಅಂದ್ರೆ ಸಾಮಾಜಿಕ ಹೊಣೆಗಾರಿಕೆ ದುಡ್ಡು ಕೂಡ ನೋಡಿ. 2013ರ ಕಂಪನಿ ಕಾಯ್ದೆ ಕಲಂ 135ರ ಪ್ರಕಾರ ವರ್ಷಕ್ಕೆ 5 ಕೋಟಿ ಲಾಭ ಇರೋ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ. 2 ಇಂಥದಕ್ಕೆ ಖರ್ಚು ಮಾಡ್ಲೇಬೇಕು. ಕಾರವಾರ ಬದಿ ಕೈಗಾ ಅಣು ವಿದ್ಯುತ್ ಸ್ಥಾವರದ ಎನ್‌ಪಿಸಿಐಎಲ್ ಕಂಪನಿಯವರು ಶಾಲಾ ಕೋಣೆ ಕಟ್ಟಿಸಿ ಕೊಟ್ಟಿದ್ದಾರೆ. ಆದ್ರೆ ಕಂಪನಿಗಳು ಸಾಮಾನ್ಯ ತಮ್ಮ ಸುತ್ತಮುತ್ತಲ ಊರಿಗೇ ಮೊದಲು ಕೊಡ್ತಾರೆ, ದೂರ ಇದ್ರೆ ಕಷ್ಟ. ನಾವು ಒಂದು ಕಂಪನಿ ಹಿಂದೆ ಎಂಟು ತಿಂಗಳು ತಿರುಗಿದ್ವಿ, ಎರಡು ಸಲ ಬಂದು ಫೋಟೋ ತಗೊಂಡು ಹೋದ್ರು, ಆಮೇಲೆ ಫೋನೇ ಎತ್ತಲಿಲ್ಲ. ಮಕ್ಕಳಿಗೆ ಹೊಸ ಕೋಣೆ ಬರ್ತದೆ ಅಂತ ಹೇಳಿ ಆಗಿತ್ತು, ಅದೇ ಜಾಸ್ತಿ ನೋವಾದದ್ದು.

ಕಾರವಾರ ಜೆಇ:

ಊರವರು ಸೇರಿ ಮಾಡಿದ್ದು ದೊಡ್ಡ ಕೆಲಸ, ಅದನ್ನ ತೆಗೆದು ಹಾಕೂದಿಲ್ಲ. ಆದ್ರೆ ನಿಮ್ಮ ಶಾಲೆ ಗೋಡೆ ಗಟ್ಟಿ ಇತ್ತು, ಮಾಡು ಮಾತ್ರ ಹೋಗಿತ್ತು, ಇವರದ್ದು ಗೋಡೆನೇ ಹೋಗಿದೆ. ಸರ್ಕಾರಿ ಕಟ್ಟಡಕ್ಕೆ ಖಾಸಗಿ ದುಡ್ಡಲ್ಲಿ ಕೈ ಹಾಕೂದಾದ್ರೂ ಇಲಾಖೆ ಅನುಮತಿ ಬೇಕು, ಇಂಜಿನಿಯರ್ ನೋಡ್ಬೇಕು. ನಾಳೆ ಶೀಟು ಹಾರಿ ಮಗುಗೆ ಪೆಟ್ಟಾದ್ರೆ ಮೊದಲು ಕೇಳೂದು ಎಸ್‌ಡಿಎಂಸಿ ಅಧ್ಯಕ್ಷರನ್ನ. ನಮ್ಮ ಕರಾವಳಿ ಗಾಳಿಗೆ ಶೀಟಿನ ಬೋಲ್ಟು ನಾಲ್ಕೈದು ವರ್ಷಕ್ಕೆ ತುಕ್ಕು ಹಿಡೀತದೆ, ನಿಮ್ಮದನ್ನೂ ಒಮ್ಮೆ ಹತ್ತಿ ನೋಡ್ಸಿ ಸರ್, ಹೇಳಿದೆ ಅಂತ ಸಿಟ್ಟಾಗ್ಬೇಡಿ.

ಮತ್ತೆ ಅಕ್ಕಾ, ರಿಪೇರಿ ಮಾಡಿದ್ರೆ ಹೊಸದು ಸಿಗೂದಿಲ್ಲ ಅಂತ ಹೆದರಿಸಿದವರ ಮಾತಲ್ಲಿ ಸ್ವಲ್ಪ ನಿಜ ಇದೆ. ದುರಸ್ತಿ ಆಗಿ "ಸುಸ್ಥಿತಿ" ಅಂತ ಯುಡೈಸಲ್ಲಿ ಬಂದ್ರೆ ನಿಮ್ಮ ಬೇಡಿಕೆ ಅಲ್ಲಿಗೆ ಮುಗೀತು. ಊರಿನ ದುಡ್ಡಿದ್ರೆ ಜಗಲಿಗೆ ತಾತ್ಕಾಲಿಕ ಮಾಡು ಹಾಕ್ಸಿ, ಈ ಮಳೆಗಾಲ ಕಳೀಲಿ. ಹಳೇ ಕೋಣೆ ಮುಟ್ಟಬೇಡಿ. ಹಂಚು, ಮರ ಕೂಡ ಯಾರಿಗೂ ಕೊಡ್ಬೇಡಿ, ಅದು ಸರ್ಕಾರಿ ಆಸ್ತಿ, ಮೌಲ್ಯಮಾಪನ ಆಗಿ ಹರಾಜಲ್ಲೇ ಹೋಗ್ಬೇಕು.

ಹಳೇ ಮಾಸ್ತರ್, ಶಿರಸಿ:

ಜೆಇ ಸಾಹೇಬ್ರ ಮಾತಿಗೆ ನನ್ನದೂ ಒಪ್ಪಿಗೆ. ಒಂದು ಸೇರಿಸ್ತೇನೆ. "34 ಮಕ್ಕಳಿಗೆ ಹೊಸ ಕೋಣೆ ಯಾಕೆ" ಅಂತ ಯಾರಾದ್ರೂ ಕೇಳಿಯೇ ಕೇಳ್ತಾರೆ. ಈಗ ದೊಡ್ಡ ದುಡ್ಡು ಹೋಗ್ತಾ ಇರುವುದು ಕೆಪಿಎಸ್ (ಕರ್ನಾಟಕ ಪಬ್ಲಿಕ್ ಸ್ಕೂಲ್) ಶಾಲೆಗಳಿಗೆ, 2025-26ರ ಬಜೆಟಲ್ಲಿ ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕ್) ನೆರವಿನಿಂದ 500 ಕೆಪಿಎಸ್‌ಗೆ 2,500 ಕೋಟಿ ಅಂತ ಹೇಳಿದ್ರು. ಅದು ಆಗ್ಲಿ, ಬೇಡ ಅನ್ನೂದಿಲ್ಲ, ಆದ್ರೆ ಹೊಳೆ ದಾಟಿ, ಕಾಡು ದಾಟಿ ಆರು ವರ್ಷದ ಮಗು ದೊಡ್ಡ ಶಾಲೆಗೆ ಹೋಗ್ಲಿಕ್ಕೆ ಆಗ್ತದಾ? ನಮ್ಮ ಘಟ್ಟದ ಮೇಲೂ ಇದೇ ಪಾಡು, ನಿಮ್ಮ ಕರಾವಳಿಯಲ್ಲೂ ಇದೇ. ಅಂಥವರಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೋರಿಸಿ. ಮಕ್ಕಳ ಲೆಕ್ಕ ಅಲ್ಲ ಅಲ್ಲಿ, ಪ್ರತಿ ಶಿಕ್ಷಕರಿಗೆ ಒಂದು ಕೋಣೆ, ಜೊತೆಗೆ ಮುಖ್ಯ ಶಿಕ್ಷಕರ ಕೋಣೆ ಒಂದು ಅಂತ ಬರೆದಿದೆ. ನಿಮ್ಮಲ್ಲಿ ಮೂವರು ಶಿಕ್ಷಕರು. ಲೆಕ್ಕ ನೀವೇ ಹಾಕಿ ಠರಾವಲ್ಲಿ ಬರೀರಿ.

ಹೊಳೆಬದಿಯವಳು:

ಎಲ್ರಿಗೂ ಹೇಗೆ ಧನ್ಯವಾದ ಹೇಳೂದು ಗೊತ್ತಾಗ್ತಾ ಇಲ್ಲ. ನಿನ್ನೆ ಸಭೆ ಮಾಡಿದ್ವಿ, 19 ಪಾಲಕರು ಬಂದಿದ್ರು, ಇಷ್ಟು ಜನ ಯಾವತ್ತೂ ಬಂದದ್ದಿಲ್ಲ ಅಂತೆ. ಕೋಣೆ ಅಪಾಯದಲ್ಲಿದೆ ಅಂತ ಒಂದು ಠರಾವು, ಇಂಜಿನಿಯರ್ ವರದಿ ಬೇಕು ಅಂತ ಒಂದು, ಯುಡೈಸ್ ತಿದ್ದಬೇಕು ಅಂತ ಒಂದು, ಮೂರೂ ಬೇರೆ ಬೇರೆ ಬರೆದ್ವಿ, ಕೋಣೆ ಲೆಕ್ಕ ಮಾಸ್ತರ್ರು ಹೇಳಿದ ಹಾಗೇ ಹಾಕಿದ್ವಿ. ಜಾಗ ಕೊಟ್ಟ ಮನೆಯವರ ಹಿರೇ ಮಗ ಅಂಕೋಲೆಯಲ್ಲೇ ಇದ್ದಾರೆ, ಫೋನ್ ಮಾಡಿದ್ರೆ "ಭಾನುವಾರ ಬನ್ನಿ, ಅಪ್ಪ ಬರೆದಿಟ್ಟ ಒಂದು ಚೀಟಿ ಪೆಟ್ಟಿಗೆಯಲ್ಲಿ ಉಂಟು" ಅಂದ್ರು. ಜಗಲಿ ಮಾಡಿಗೆ ನಮ್ಮ ಊರಿನ ಇಬ್ಬರು ಸೋಗೆ, ಬಿದಿರು ಕೊಡ್ತಾರೆ, ಮೇಲೆ ತಾಡಪಾಲು ಹಾಕ್ತೇವೆ.

ಮೆಂಬರ್ ಅಕ್ಕಾ, ನಿಮ್ಮ ಗ್ರಾಮಸಭೆ ನಡಾವಳಿ ನಕಲು ಒಂದು ಫೋಟೋ ತೆಗೆದು ಹಾಕ್ತ್ರಾ? ಹೆಸರು, ಸರ್ವೆ ನಂಬರ್ ಎಲ್ಲ ಮುಚ್ಚಿ ಹಾಕಿದ್ರೆ ಸಾಕು, ಯಾವ ಮಾತಲ್ಲಿ ಬರೆದಿದ್ದೀರಿ ಅಂತ ನೋಡ್ಬೇಕಿತ್ತು. ನಮ್ಮ ಗ್ರಾಮಸಭೆ ಬರುವ ಗುರುವಾರ.

ಪಂಚಾಯ್ತಿ ಮೆಂಬರ್, ಹೊನ್ನಾವರ ಬದಿ:

ಇವತ್ತು ಸಂಜೆ ಪಂಚಾಯ್ತಿಗೆ ಹೋಗ್ತೆ, ತೆಗೆದು ಹಾಕ್ತೆ. ಮರದ ಲೆಕ್ಕ ಮಾತ್ರ ನೀವು ಗುರುವಾರದ ಒಳಗೆ ಸ್ವತಃ ಹೋಗಿ ಎಣಿಸಿ ಇಟ್ಕೊಳ್ಳಿ, ನಮಗೆ ಮೊದಲ ಸಲ ಅಲ್ಲೇ ತಪ್ಪಿದ್ದು.